ಮೊಗಣ್ಣಾಚಾರ್ ಬಾಡಿ

ಲಾಟ್ ನಂಬರ್ ನಲವತ್ತೇಳು, ಪ್ಲಾಂಟೇಷನ್ ಎ.
ಪೂವಯ್ಯನವರು ಚಮಚದಿಂದ ಸೊರ್ರೆಂದು ಎಳೆದು
ಬಾಯೊಳಗೆ ಎರಡು ಸುತ್ತು ಆಡಿಸಿ
ಪೀಕದಾನಿಗೆ ಉಗಿದು ಹೇಳುತ್ತಾರೆ,
ನಾನು ಬರೆದುಕೊಳ್ಳುತ್ತೇನೆ:
ಅರೋಮಾ ಚೆನ್ನ. ಹುಳಿ ಹದ. ಬಾಡಿ ಮೀಡಿಯಂ.

ಐದು ಗಂಟೆಯೊಳಗೆ ಇದು ಜಪಾನಿಯಾಗಿ
ಕೋಬೆಯ ಕುರೋಇವಾ ಅವರಿಗೆ ಹೋಗಬೇಕು.
ಹಾಸನದ ಈ ಕ್ಯೂರಿಂಗ್ ವರ್ಕ್ಸಿನಲ್ಲಿ
ಆ ಭಾಷೆ ಬಲ್ಲವಳು ನಾನೊಬ್ಬಳೇ,
ಅದೂ ಅರೆಬರೆ.
ಅರೋಮಾ ಸಲೀಸು. ಹುಳಿಗೂ ಅಲ್ಲೊಂದು ಹುಳಿ ಇದೆ.
ಬಾಡಿಯ ಹತ್ತಿರ ಬಂದು ಪೆನ್ನು ನಿಂತಿತು.

ನಿಘಂಟು ತೆಗೆದರೆ, ಉಸಿರಾಡುವ ಮೈಗೆ ಕರದಾ.
ನನ್ನ ಕಿವಿಗೆ ಅದು ಕರಡು,
ಇನ್ನೂ ತಿದ್ದುವುದಿದೆ ಎಂಬ ಹಾಗೆ.
ಲಾರಿಯ ಮೈಗೆ ಶತಾಯ್. ಪತ್ರದ ಒಡಲಿಗೆ ಹೊಂಬುನ್.
ಸಂಘ ಸಂಸ್ಥೆಗೆ ದಂತಾಯ್.
ಸತ್ತವರದಕ್ಕೆ ಇತಾಯ್,
ಬಿಟ್ಟುಹೋದ ಮೈ ಅಂತ ಅಕ್ಷರ ಬಿಡಿಸಿದರೆ.
ಒಂದು ಬಾಗಿಲು ತಟ್ಟಿದೆ,
ಐದು ಮನೆಯವರು ಎದ್ದು ಬಂದು
ಯಾರು ಬೇಕಿತ್ತು ಅನ್ನುತ್ತಿದ್ದಾರೆ.

ನಮ್ಮಲ್ಲಿ ಈ ರಗಳೆ ಇರಲಿಲ್ಲ. ಎಲ್ಲಕ್ಕೂ ಒಂದೇ.
ಅಜ್ಜಿ ತಂತಿಯ ಮೇಲೆ, ಸೀರೆಯ ಮರೆಯಲ್ಲಿ,
ಗಂಡಸರ ಕಣ್ಣು ತಪ್ಪಿಸಿ ಒಣಹಾಕುತ್ತಿದ್ದದ್ದು ಬಾಡಿ.
ತಣ್ಣೀರುಹಳ್ಳದ ಶೆಡ್ಡಿನಲ್ಲಿ ಅಪ್ಪ
ಮತ್ತಿಯ ಹಲಗೆ ಹೆರೆದು, ಬೋಲ್ಟು ಬಿಗಿದು
ಚಾಸಿಯ ಮೇಲೆ ಕೂರಿಸುತ್ತಿದ್ದದ್ದೂ ಬಾಡಿ.
ಹಿಂಬದಿ ಹಲಗೆಯಲ್ಲಿ, ಯಾರೂ ನೋಡದ ಮೂಲೆಗೆ,
ಹೆಬ್ಬೆರಳ ಗಾತ್ರದ ಒಂದು ಗಿಣಿ ಕೊರೆಯುತ್ತಿದ್ದ.
ಅದು ಅವನ ಸಹಿ.
ಡ್ರೈವರುಗಳು ಟೀ ಗ್ಲಾಸು ಹಿಡಿದುಕೊಂಡೇ
ಹಲಗೆಗೆ ಗುದ್ದಿ ತೋರಿಸೋರು:
"ಇದು ಮೊಗಣ್ಣಾಚಾರ್ ಬಾಡಿ ಕಣಯ್ಯ,
ಶಿರಾಡಿ ಇಳಿದರೂ ಕಿರ್ ಅನ್ನಲ್ಲ."

ಹೋದ ಮಾಘದಲ್ಲಿ ಜಿಲ್ಲಾಸ್ಪತ್ರೆಯ ಹಿಂದಿನ ಗೇಟಿನ ಹತ್ತಿರ
ಕಿವಿಗೆ ಬೀಡಿ ಸಿಕ್ಕಿಸಿಕೊಂಡವನೊಬ್ಬ
ಉದ್ದನೆ ಪುಸ್ತಕ ಬಿಚ್ಚಿ ಕೂಗಿದ:
"ಮೊಗಣ್ಣಾಚಾರ್ ಬಾಡಿ ಯಾರ್ದು?"
ನನ್ನ ಕಿವಿ ಮೊದಲು ಹೊರಳಿದ್ದು ರಸ್ತೆಯ ಕಡೆಗೆ.
ಯಾವುದೋ ಲಾರಿ ಬಂದಿದೆ ಅಂದುಕೊಂಡೆ.
ಹಾಗೆ ಅಂದುಕೊಂಡದ್ದನ್ನು
ಅಮ್ಮನಿಗೆ ಇನ್ನೂ ಹೇಳಿಲ್ಲ.

"ಒಳಗೆ ಇದೆ, ರುಜು ಹಾಕಿ" ಅಂದ.
ಇದೆ.
ಬೆಳಗಿನ ಜಾವದವರೆಗೂ ಫೋನ್ ಮಾಡಿದವರಿಗೆಲ್ಲ
ಇದ್ದಾರೆ, ಇದ್ದಾರೆ ಅಂದಿದ್ದೆ.

ಜಪಾನಿಯಲ್ಲೂ ಹಾಗೇ, ಎರಡು ಇರವು.
ಉಸಿರಿದ್ದರೆ ಇರು. ನಮ್ಮದೇ ಇರು, ಎಲ್ಲಿಂದ ಹೋಯಿತೋ.
ಉಸಿರಿಲ್ಲದ್ದಕ್ಕೆ ಅರು. ದೀಪ ಆರಿದಂಥ ಸದ್ದು.
ಕ್ಲಾಸಿನಲ್ಲಿ ಉರು ಹೊಡೆದಿದ್ದೆ:
ನಾಯಿ ಇರು, ಕುರ್ಚಿ ಅರು, ತಂದೆ ಇರು.
ನೂರಕ್ಕೆ ತೊಂಬತ್ತೆರಡು ಬಂದಿತ್ತು.

ಕೊನೆಗೆ ನಾಚಿಕೆ ಬಿಟ್ಟು ಕುರೋಇವಾ ಅವರನ್ನೇ ಕೇಳಿದೆ.
ನೀವು ಹುಡುಕುತ್ತಿರುವುದು ಕೊಕು, ಅಂತ ಬರೆದರು.
ಕಾಫಿಗೆ, ಸಾರಿಗೆ, ವರ್ಷ ಕಳೆದ ಉಪ್ಪುಹುದುಗಿಗೆ ಹೇಳುತ್ತೇವೆ.
ನುಂಗಿದ ಮೇಲೂ ನಾಲಿಗೆ ಬಿಟ್ಟು ಹೋಗದ್ದು.
ಮೈ ಎಂಬುದರ ಸುಳಿವೇ ಇಲ್ಲ ಆ ಪದದಲ್ಲಿ.
ನಿಘಂಟಿನ ಐದು ಮನೆಗಳಲ್ಲಿ ಒಂದರಲ್ಲೂ ಇರಲಿಲ್ಲ ಅದು,
ಹಿತ್ತಿಲಲ್ಲಿತ್ತು.

ಬರೆದೆ: ಕೊಕು ಗಾ ಅರು. ಕೊಕು ಇದೆ.

"ಮೀಡಿಯಂ ಹಾಕಿದೆಯೇನಮ್ಮ?" ಪೂವಯ್ಯ ಕೇಳಿದರು.
ಮರೆತಿದ್ದೆ. ಅಷ್ಟು ಹೊತ್ತಿಗೆ ಹೋಗಿಯೂ ಆಗಿತ್ತು.
"ಸರಿ ಬಿಡು, ರೇಟು ಎರಡು ರೂಪಾಯಿ ಜಾಸ್ತಿ ಕೊಡ್ತಾನೆ."

ಹೊರಗೆ ಮಂಗಳೂರಿಗೆ ಲೋಡಾಗುತ್ತಿತ್ತು.
ಹಮಾಲರು ಚೀಲ ಎಸೆಯುವ ನಡುವೆ ಬಗ್ಗಿ
ಹಿಂಬದಿಯ ಮೂಲೆ ನೋಡಿದೆ.
ಈಗಿನವೆಲ್ಲ ತಗಡು.
ಆದರೂ ಗೆಣ್ಣಿನಿಂದ ಒಮ್ಮೆ ಬಡಿದೆ,
ಒಳಗಿನಿಂದ ಕ್ಲೀನರ್ ಹುಡುಗ
"ಯಾರು?" ಅಂದ.